‘ಉಪಗುಂಪು’: ಪದಕೋಶದ ಕೆಲಸ ಎಲ್ಲಿಗೆ ಬಂತು

ಬಿಡುವಿನಲ್ಲಿ ಬರೆಯುತ್ತಿರುವ ಪುಟ್ಟ ಪದಕೋಶದಲ್ಲಿ ಈ ವಾರ ಒಂದೇ ಪದದ ಕೆಲಸ ಸಾಗಿತು, ಅದೂ ಮುಕ್ಕಾಲು ಪಾಲು. ‘ದೊಡ್ಡ ಗುಂಪಿನೊಳಗಿನ ಚಿಕ್ಕ ಗುಂಪು’ ಎಂದು ಮೊದಲ ದಿನವೇ ಬರೆದಿಟ್ಟಿದ್ದೆ. ಉದಾಹರಣೆಗೆ ವಾಕ್ಯ ಕಟ್ಟಲು ಕುಳಿತಾಗ ಆ ಅರ್ಥ ಸಾಲದಾಯಿತು.

ಸೋಮವಾರ: ಪಂಗಡ, ಒಳಪಂಗಡ, ಬಣ, ತಂಡ ಎಂದು ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿದೆ. ಒಂದೇ ವಾಕ್ಯದಲ್ಲಿ ಚೀಟಿ ಬದಲಿಸುತ್ತಾ ಓದಿದೆ. ‘ಸಂಘದಲ್ಲಿ ಎರಡು ಬಣಗಳಾಗಿವೆ’ ಎಂದರೆ ಮನಸ್ತಾಪ ಕಾಣುತ್ತದೆ. ‘ಎರಡು ಉಪಗುಂಪುಗಳಾಗಿವೆ’ ಎಂದರೆ ಯಾರೋ ಕೆಲಸ ಹಂಚಿಕೊಟ್ಟಂತೆ ಕೇಳಿಸುತ್ತದೆ. ಒಳಪಂಗಡ ಸಾಮಾನ್ಯವಾಗಿ ಹುಟ್ಟಿನೊಂದಿಗೆ ಬರುವಂಥದ್ದು. ಉಪಗುಂಪು ಯಾರೋ ವಿಂಗಡಿಸಿದ್ದು. ರೋಗಿಗಳನ್ನು ವಯಸ್ಸಿನ ಪ್ರಕಾರ ಉಪಗುಂಪುಗಳಾಗಿ ಮಾಡುವವನು ಸಂಶೋಧಕ. ತಾವು ಯಾವುದಕ್ಕೆ ಸೇರಿದ್ದೇವೆಂದು ಆ ರೋಗಿಗಳಿಗೆ ಗೊತ್ತಿರಬೇಕೆಂದೇನಿಲ್ಲ. ನನ್ನ ಮಟ್ಟಿಗೆ ಈ ಪದದ ತಿರುಳು ಇಲ್ಲಿದೆ.

ಮಂಗಳವಾರ: ‘ಪಂಗಡ’ದ ಚೀಟಿ ತಿದ್ದಿದೆ. ಸಂವಿಧಾನದ 342ನೆಯ ವಿಧಿ ಹೇಳುವ ‘ಪರಿಶಿಷ್ಟ ಪಂಗಡ’ದಲ್ಲಿ ಅದು ಬುಡಕಟ್ಟನ್ನು ಸೂಚಿಸುತ್ತದೆ, ಯಾವುದೋ ಒಂದರ ತುಂಡನ್ನಲ್ಲ.

ಗುರುವಾರ, ಶುಕ್ರವಾರ: ಗಣಿತ. ಎರಡು ದಿನ ಹಿಡಿಯಿತು, ಸಂತೋಷವೂ ಇಲ್ಲಿಯೇ ಹೆಚ್ಚು ಸಿಕ್ಕಿತು. ಗಣವೆಂದರೆ ವಸ್ತುಗಳ ಕೂಟ, ಅದರಿಂದ ಆರಿಸಿದ್ದು ಉಪಗಣ. ಮೂರು ಅಂಶಗಳ ಗಣಕ್ಕೆ 8 ಉಪಗಣಗಳು. ಏನೂ ಇಲ್ಲದ ಶೂನ್ಯಗಣವೂ ಇಡೀ ಗಣವೂ ಆ ಲೆಕ್ಕದಲ್ಲಿವೆ. ಅಂದರೆ ‘ಉಪ’ ಎಂದ ಮಾತ್ರಕ್ಕೆ ಚಿಕ್ಕದಾಗಿರಲೇಬೇಕಿಲ್ಲ. ಬೀಜಗಣಿತದ ಉಪಗುಂಪು ಇನ್ನೂ ಕಟ್ಟುನಿಟ್ಟು: ಅದರೊಳಗಿನವನ್ನು ಕೂಡಿದರೆ ಬರುವುದೂ ಅದರೊಳಗೇ ಇರಬೇಕು. ಗೋಡೆ ಗಡಿಯಾರ ನೋಡುತ್ತಾ ಲೆಕ್ಕ ಹಾಕಿದೆ. 3, 6, 9, 12ರಲ್ಲಿ ಯಾವ ಎರಡನ್ನು ಕೂಡಿದರೂ ಮುಳ್ಳು ಅವುಗಳಲ್ಲೇ ಒಂದರ ಮೇಲೆ ನಿಲ್ಲುತ್ತದೆ: 9ರಿಂದ 6 ಗಂಟೆ ಮುಂದೆ ಹೋದರೆ 3. ಆದ್ದರಿಂದ ಅದು ಉಪಗುಂಪು. 1, 2, 3 ಹಾಗಲ್ಲ. 2ಕ್ಕೆ 3 ಕೂಡಿದರೆ 5, ಹೊರಗೆ ಬಿತ್ತು. ಉಪಗುಂಪಿನ ಗಾತ್ರ ಇಡೀ ಗುಂಪಿನ ಗಾತ್ರವನ್ನು ಶೇಷವಿಲ್ಲದೆ ಭಾಗಿಸಬೇಕೆಂಬುದು ಲಗ್ರಾಂಜ್ ಪ್ರಮೇಯ. ಹಾಗಾಗಿ ಗಡಿಯಾರದಲ್ಲಿ ಐದು ಗಂಟೆಗಳ ಉಪಗುಂಪು ಎಂದಿಗೂ ಸಿಗದು. ಸಿಗುವುದು ಒಟ್ಟು ಆರು. ಅವುಗಳ ಗಾತ್ರ 1, 2, 3, 4, 6, 12. ಆರನ್ನೂ ಕಾಗದದ ಮೇಲೆ ಬಿಡಿಸಿ ಬಣ್ಣ ತುಂಬಿದ್ದೇನೆ.

ಉಳಿದಿರುವುದು ‘ಒಳಗುಂಪು’. ‘ಉಪ’ ಸಂಸ್ಕೃತದ್ದು, ‘ಒಳ’ ಅಚ್ಚಗನ್ನಡ. ಕಿವಿಗೆ ಎರಡನೆಯದೇ ಹಿತ. ಆದರೆ ಅದರಲ್ಲಿ ‘ನಮ್ಮವರು’ ಎಂಬ ಧ್ವನಿಯೂ ಇರುವುದರಿಂದ ಸಮಾನಾರ್ಥಕವೆಂದು ಸೇರಿಸದೆ ಬೇರೆ ಚೀಟಿ ತೆರೆದಿದ್ದೇನೆ.