ಫ್ರಾನ್ಸಿಸ್ ಕೆಲ್ಸಿ ಕೇಳಿದ ಪ್ರಶ್ನೆಗಳು

ಗರ್ಭಿಣಿಯರು ನುಂಗಿದರೆ ಶಿಶುವಿನ ಅಂಗಗಳನ್ನೇ ಊನಗೊಳಿಸುವ ನಿದ್ರೆಮಾತ್ರೆ ಥಾಲಿಡೊಮೈಡ್ ಅಮೆರಿಕದ ಮಾರುಕಟ್ಟೆಗೆ ಬಾರದಂತೆ ಔಷಧ ವಿಜ್ಞಾನಿ ಫ್ರಾನ್ಸಿಸ್ ಕೆಲ್ಸಿ ತಡೆದದ್ದು ಅದೃಷ್ಟದಿಂದ ಎನ್ನುವವರಿದ್ದಾರೆ. ಇದು ಸರಿಯಲ್ಲ. 1937ರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರಾವಕದಲ್ಲಿ ಕರಗಿಸಿದ ಸಲ್ಫಾ ಔಷಧ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಾಗ, ಷಿಕಾಗೊದಲ್ಲಿ ಅದರ ವಿಷಗುಣ ಪರೀಕ್ಷಿಸಿದ ತಂಡದಲ್ಲಿ ಅವರಿದ್ದರು. ಮುಂದೆ ಮಲೇರಿಯಾ ಔಷಧ ಕ್ವಿನೈನ್‌ನ ಪ್ರಯೋಗಗಳಲ್ಲಿ ಇನ್ನೊಂದನ್ನು ಕಂಡರು: ಬೆಳೆದ ಮೊಲದ ದೇಹ ಆ ಔಷಧವನ್ನು ಬೇಗ ಒಡೆಯುತ್ತದೆ, ಭ್ರೂಣಕ್ಕೆ ಆ ಶಕ್ತಿಯಿಲ್ಲ.

1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೇರಿದ ಕೆಲವೇ ವಾರಗಳಲ್ಲಿ ರಿಚರ್ಡ್‌ಸನ್-ಮೆರೆಲ್ ಕಂಪನಿಯ ‘ಕೆವಡಾನ್’ (ಥಾಲಿಡೊಮೈಡ್‌ನ ಮಾರಾಟದ ಹೆಸರು) ಅರ್ಜಿ ಅವರ ಮೇಜಿಗೆ ಬಂತು. ಆಗಿನ ಕಾನೂನಿನ ದೊಡ್ಡ ದೋಷವೆಂದರೆ, 60 ದಿನಗಳೊಳಗೆ ಆಕ್ಷೇಪ ಬರದಿದ್ದರೆ ಔಷಧ ತಾನಾಗಿಯೇ ಮಾರಾಟಕ್ಕೆ ಹೋಗುತ್ತಿತ್ತು. ಅರ್ಜಿ ಅಪೂರ್ಣವೆಂದು ತಿಳಿಸಿದರೆ ಮಾತ್ರ ಗಡುವು ಮತ್ತೆ ಮೊದಲಿಂದ ಶುರು. ಕೆಲ್ಸಿ ಹಿಡಿದದ್ದು ಈ ದಾರಿ. ಮಾತ್ರೆ ದೇಹದಲ್ಲಿ ಎಷ್ಟು ಹೀರಲ್ಪಡುತ್ತದೆ? ದೀರ್ಘಕಾಲ ನುಂಗಿದರೆ ಏನಾಗುತ್ತದೆ? ಕಂಪನಿಯ ಬಳಿ ವೈದ್ಯರ ಪ್ರಶಂಸೆಯಿತ್ತು, ಅಂಕಿಅಂಶ ಸಾಲದಾಗಿತ್ತು. 1961ರ ಆರಂಭದಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಈ ಮಾತ್ರೆ ಸೇವಿಸಿದವರ ಕೈಕಾಲಿನ ನರಗಳಿಗೆ ಹಾನಿಯಾದ ವರದಿ ಓದಿದರು. ನರಕ್ಕೆ ಹೀಗಾದರೆ ಗರ್ಭದ ಶಿಶುವಿಗೆ? ಪುರಾವೆ ಕೊಡಿ ಎಂದು ಪಟ್ಟುಹಿಡಿದರು.

ಆ ವರ್ಷದ ನವೆಂಬರ್‌ನಲ್ಲಿ ಜರ್ಮನಿಯ ತಯಾರಕ ಕಂಪನಿ ಅಲ್ಲಿ ಮಾತ್ರೆಯನ್ನು ಹಿಂತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ‘ಪ್ರಯೋಗ’ದ ಹೆಸರಲ್ಲಿ 1,000ಕ್ಕೂ ಹೆಚ್ಚು ಅಮೆರಿಕನ್ ವೈದ್ಯರಿಗೆ ಮಾತ್ರೆಗಳು ತಲುಪಿಯಾಗಿತ್ತು, ರೋಗಿಯ ಒಪ್ಪಿಗೆ ಕಡ್ಡಾಯವಿರಲಿಲ್ಲ. 1962ರ ಅಕ್ಟೋಬರ್‌ನ ಕೆಫಾವರ್-ಹ್ಯಾರಿಸ್ ಔಷಧ ಕಾನೂನು ತಿದ್ದುಪಡಿ ಈ ಕಿಂಡಿಯನ್ನು ಮುಚ್ಚಿತು, ಔಷಧ ನಿಜಕ್ಕೂ ಕೆಲಸ ಮಾಡುತ್ತದೆಂಬ ಸಾಕ್ಷ್ಯವನ್ನೂ ಕಡ್ಡಾಯಗೊಳಿಸಿತು. ಕೆಲ್ಸಿ ತಮ್ಮ 90ನೇ ವಯಸ್ಸಿನವರೆಗೂ ಎಫ್‌ಡಿಎಯಲ್ಲೇ ದುಡಿದರು.