ಹೋಲೆಸ್ಕಿ ಡೈರಿ: ಮತ ಹಾಕಿದರೆ ಹೋಯ್ತು

ಫೆಬ್ರವರಿ 25, 2025

ನಸುಕಿನ 3.25ಕ್ಕೆ ಪೆಕ್ಟ್ರಾ ಅಪ್‌ಗ್ರೇಡ್ ಇತ್ತು, ಅಲಾರಂ ಇಟ್ಟು ಎದ್ದೆ. ಎಥೀರಿಯಂ ಎಂಬ ಕ್ರಿಪ್ಟೋ ಜಾಲದ ಹೋಲೆಸ್ಕಿ ಟೆಸ್ಟ್‌ನೆಟ್‌ನಲ್ಲಿ, ಅಂದರೆ ಪ್ರಯೋಗದ ಜಾಲದಲ್ಲಿ, ನನ್ನದೊಂದು ವ್ಯಾಲಿಡೇಟರ್ ಇದೆ: ಠೇವಣಿ ಇಟ್ಟು, ಯಾವ ಬ್ಲಾಕ್ (ವಹಿವಾಟುಗಳ ಕಟ್ಟು) ಸರಿ ಎಂದು ಮತ ಹಾಕುವ ಯಂತ್ರ. ಹಳೆಯ ಮಿನಿ ಪಿಸಿ, 2 ಟಿಬಿ ಎಸ್‌ಎಸ್‌ಡಿ, ಯುಪಿಎಸ್, ಠೇವಣಿಗೆ 32 ಆಟದ ಈಥರ್. ಲಾಗ್‌ನಲ್ಲಿ ಮತ ಬೀಳುತ್ತಿರುವುದು ಕಂಡಿತು, ನೆಮ್ಮದಿಯಿಂದ ಮಲಗಿದೆ. ಬೆಳಿಗ್ಗೆ ನೋಡಿದರೆ ಚೈನ್ (ಬ್ಲಾಕುಗಳ ಸರಣಿ) ಎರಡು ಸೀಳಾಗಿದೆ, ನಾನಿರುವುದು ತಪ್ಪು ಸೀಳಿನಲ್ಲಿ.

ಫೆಬ್ರವರಿ 26

ಹೆಚ್ಚು ಜನ ಬಳಸುವ ಮೂರು ಕ್ಲೈಂಟ್‌ಗಳಲ್ಲಿ (ಜಾಲ ನಡೆಸುವ ತಂತ್ರಾಂಶಗಳಲ್ಲಿ) ಹೋಲೆಸ್ಕಿಯ ಡೆಪಾಸಿಟ್ ಕಾಂಟ್ರಾಕ್ಟ್, ಅಂದರೆ ಠೇವಣಿ ಸ್ವೀಕರಿಸುವ ಪ್ರೋಗ್ರಾಂನ ವಿಳಾಸವೇ ತಪ್ಪಾಗಿತ್ತಂತೆ. ಎರಿಗಾನ್, ರೆತ್ ಎಂಬ ಬೇರೆ ಕ್ಲೈಂಟ್ ಓಡಿಸುತ್ತಿದ್ದವರು ಸರಿಯಾದ ಕಡೆ ಇದ್ದರು, ಆದರೆ ಅವರು ಅಲ್ಪಸಂಖ್ಯಾತರು. ಬಹುಮತವೇ ಕೆಟ್ಟ ಬ್ಲಾಕಿಗೆ ಸೈ ಎಂದುಬಿಟ್ಟಿದೆ.

ತಿದ್ದಿದ ಬಿಲ್ಡ್ ಹಾಕುವುದು ದೊಡ್ಡ ಕೆಲಸವಲ್ಲ. ತೊಡಕಿರುವುದು ಹಾಕಿಬಿಟ್ಟ ಮತದಲ್ಲಿ. ಇಲ್ಲಿ ಪ್ರತಿ ಮತವೂ ‘ಈ ಎಪೋಕ್‌ನಿಂದ ಆ ಎಪೋಕ್‌ವರೆಗೆ’ ಎಂಬ ಒಂದು ಕೊಂಡಿ (ಎಪೋಕ್ ಅಂದರೆ ಮತದಾನದ ಒಂದು ಸುತ್ತು). ಹೊಸ ಕೊಂಡಿ ಹಿಂದಿನದಕ್ಕಿಂತ ಮೊದಲೇ ಶುರುವಾಗಿ ಅದರಾಚೆ ಮುಗಿದರೆ ಹಳೆಯದನ್ನು ಸುತ್ತುವರಿದಂತೆ. ಅದು ಅಪರಾಧ, ಶಿಕ್ಷೆ ಸ್ಲಾಷಿಂಗ್, ಅಂದರೆ ಠೇವಣಿಗೆ ಕತ್ತರಿ ಹಾಕಿ ಹೊರದಬ್ಬುವುದು. ತಪ್ಪು ಸೀಳಿನಲ್ಲಿ ನನ್ನ ಕೊಂಡಿ ಮುಂದಿನ ಎಪೋಕ್‌ನಿಂದ ಶುರುವಾಗಿದೆ. ಸರಿ ಸೀಳು ಇನ್ನೂ ಹಿಂದಿದೆ. ಅಲ್ಲಿ ಈಗ ಮತ ಹಾಕಿದರೆ ಸಿಕ್ಕಿಬೀಳುತ್ತೇನೆ. ಹಾಕದೆ ಕೂತರೆ ಇನ್ಯಾಕ್ಟಿವಿಟಿ ಲೀಕ್ ಎಂಬ ಗೈರುಹಾಜರಿ ದಂಡದಲ್ಲಿ ಠೇವಣಿ ಸೋರುತ್ತದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಹಾಗೆ.

ಮಾರ್ಚ್ 1

ಸ್ಲಾಷಿಂಗ್ ರಕ್ಷಣೆ (ಅಪರಾಧವಾಗುವ ಮತವನ್ನು ಕ್ಲೈಂಟೇ ತಡೆಯುವ ವ್ಯವಸ್ಥೆ) ತೆಗೆದು ಎಲ್ಲರೂ ಒಟ್ಟಿಗೆ ಸರಿ ಸೀಳಿಗೆ ಹಾರೋಣ ಎಂಬ ಪ್ರಯತ್ನ ನಿನ್ನೆ ನಡೆಯಿತು. ನಾನು ಹಾರಲಿಲ್ಲ. ಫೈನಾಲಿಟಿಯೂ, ಅಂದರೆ ಬ್ಲಾಕುಗಳು ಇನ್ನು ಬದಲಾಗದಂತೆ ಖಾಯಂ ಆಗುವುದೂ, ಬರಲಿಲ್ಲ.

ಕೂತು ಬಿಟ್‌ಕಾಯಿನ್‌ನ ಮಾರ್ಚ್ 2013ರ ಕಥೆ ಓದಿದೆ. ಅಲ್ಲಿ ಠೇವಣಿ, ಮತ ಇಲ್ಲ; ಮೈನರ್‌ಗಳು ಯಂತ್ರದಿಂದ ಲೆಕ್ಕಾಚಾರದ ಕೆಲಸ ಮಾಡಿಸಿ ಬ್ಲಾಕ್ ಸೇರಿಸುತ್ತಾರೆ, ಅದೇ ಪ್ರೂಫ್ ಆಫ್ ವರ್ಕ್. 0.8 ಆವೃತ್ತಿ ಒಪ್ಪಿದ ಬ್ಲಾಕನ್ನು ಹಳೆಯ 0.7 ತಿರಸ್ಕರಿಸಿತು, ಚೈನ್ ಸೀಳಿತು. ದೊಡ್ಡ ಪೂಲ್‌ಗಳು (ಮೈನರ್‌ಗಳ ಗುಂಪುಗಳು) 0.7ಕ್ಕೆ ಮರಳಿದವು, ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯಿತು. ತಪ್ಪು ಸೀಳಿನಲ್ಲಿ ದುಡಿದ ಮೈನರ್‌ಗೆ ಹೋದದ್ದು ಕರೆಂಟು ಮತ್ತು ಆ ಬ್ಲಾಕುಗಳ ಬಹುಮಾನ. ಹಳೆಯ ಲೆಕ್ಕವನ್ನು ಯಾರೂ ಕೆದಕುವುದಿಲ್ಲ. ಹೊಟ್ಟೆಕಿಚ್ಚಾಯಿತು, ನಿಜ.

ಮಾರ್ಚ್ 4

ಡೇಟಾ ಅಳಿಸಿ ಮತ್ತೆ ಸಿಂಕ್ ಮಾಡಿದೆ. ಚೆಕ್‌ಪಾಯಿಂಟ್ ಬೇಕು, ಅಂದರೆ ಯಾರದೋ ಸರ್ವರ್ ‘ಸರಿ ಚೈನ್ ಇದೇ’ ಅಂದದ್ದನ್ನು ನಂಬಬೇಕು. ಪ್ರೂಫ್ ಆಫ್ ವರ್ಕ್‌ನಲ್ಲಾದರೆ ಮೊದಲ ಬ್ಲಾಕಿನಿಂದ ಕೆಲಸ ಕೂಡಿಸುತ್ತಾ ಹೋಗಿ, ಹೆಚ್ಚು ಕೆಲಸ ಯಾವುದರಲ್ಲಿದೆ ಅಂತ ನಾನೇ ನೋಡಬಹುದಿತ್ತು. ಎರಡು ಬೇರೆ ಬೇರೆ ಕಡೆಯ ಹ್ಯಾಷ್ (ಬ್ಲಾಕಿನ ಬೆರಳಚ್ಚು) ತಾಳೆ ನೋಡಿ ಸಮಾಧಾನಪಟ್ಟುಕೊಂಡೆ.

ಮಾರ್ಚ್ 8

ಮಳ್ಳನಂತೆ ಪ್ರೂಫ್ ಆಫ್ ವರ್ಕ್ ಕಡೆ ವಾಲುತ್ತಿದ್ದೆ. ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿಯ ಪ್ರಬಂಧದ ಕೊನೆಯ ಕೋಷ್ಟಕವನ್ನು ಪೈಥಾನ್‌ನಲ್ಲಿ ಬರೆದು ಓಡಿಸಿದೆ. ಮಾಡಿದ ಪಾವತಿ ಅಳಿಸಲು ಗುಟ್ಟಾಗಿ ಬೇರೆ ಚೈನ್ ಕಟ್ಟುವ ದಾಳಿಕೋರನ ಗೆಲುವಿನ ಸಾಧ್ಯತೆ ಸಾವಿರಕ್ಕೊಂದಕ್ಕಿಂತ ಕೆಳಗಿರಬೇಕಾದರೆ, ಅವನ ಬಳಿ ಶೇ. 10 ಹ್ಯಾಷ್ ಪವರ್ (ಜಾಲದ ಒಟ್ಟು ಲೆಕ್ಕಾಚಾರದ ಬಲದ ಪಾಲು) ಇದ್ದಾಗ 5 ಬ್ಲಾಕು ಕಾದರೆ ಸಾಕು. ಶೇ. 30 ಇದ್ದರೆ 24. ಶೇ. 45 ಆದರೆ 340, ಅಂದರೆ ಎರಡು ದಿನದ ಮೇಲೆ! ಅರ್ಧ ದಾಟಿದರೆ ಕಾದೂ ಪ್ರಯೋಜನವಿಲ್ಲ. ಪ್ರೂಫ್ ಆಫ್ ವರ್ಕ್‌ನಲ್ಲೇ ನಡೆಯುವ ಎಥೀರಿಯಂ ಕ್ಲಾಸಿಕ್ ಎಂಬ ಬೇರೆ ಚೈನಿಗೆ 2020ರ ಆಗಸ್ಟ್ ಒಂದರಲ್ಲೇ ಮೂರು ಸಲ ಹೀಗೆ ಹೊಡೆತ ಬಿತ್ತು. ಬಾಡಿಗೆಗೆ ಹ್ಯಾಷ್ ಪವರ್ ಸಿಗುತ್ತದೆ. ಕದ್ದವನ ಯಂತ್ರ ಮರುದಿನ ಬೇರೆ ಚೈನಿನಲ್ಲಿ ಮರ್ಯಾದಸ್ಥನಂತೆ ದುಡಿಯುತ್ತದೆ. 2013ರಲ್ಲಿ ಮೈನರ್‌ಗಳನ್ನು ಉಳಿಸಿದ ಮರೆವೇ ಇಲ್ಲಿ ಕಳ್ಳನನ್ನೂ ಉಳಿಸಿತು. ನನ್ನನ್ನು ಕಟ್ಟಿಹಾಕಿರುವ ಸುತ್ತುವರಿ ನಿಯಮವಾದರೋ ಅಂಥವನ ಠೇವಣಿಯನ್ನೇ ಸುಡುತ್ತದೆ. ಬೈಯುವುದನ್ನು ನಿಲ್ಲಿಸಿದೆ.

ಮಾರ್ಚ್ 11

ನಿನ್ನೆ ಹೋಲೆಸ್ಕಿ ಫೈನಲೈಸ್ ಆಯಿತು. ಎರಡು ವಾರ! ಕ್ಲೈಂಟ್ ತಾನಾಗಿಯೇ ಮತ ಹಾಕತೊಡಗಿತು, ಸ್ಲಾಷ್ ಆಗಲಿಲ್ಲ. ಠೇವಣಿ ಮಾತ್ರ ಸೊರಗಿದೆ.

ಮಾರ್ಚ್ 23

ಹೋಲೆಸ್ಕಿಯಲ್ಲಿ ಹೊರಬರುವವರ ಸಾಲು ವಿಪರೀತ ಉದ್ದ. ಹೂಡಿ ಎಂಬ ಹೊಸ ಟೆಸ್ಟ್‌ನೆಟ್ 17ರಂದು ಶುರುವಾಗಿದೆ, ಅಲ್ಲಿಗೆ ಹೊರಟೆ. ಈ ಸಲ ರೆತ್ ಹಾಕಿದ್ದೇನೆ. ಪಕ್ಕದಲ್ಲಿ ಇನ್ನೊಂದು ಕ್ಲೈಂಟ್ ಓಡಿಸಿ, ಎರಡರ ಬ್ಲಾಕ್ ಹ್ಯಾಷ್ ಬೇರೆಯಾದ ಕ್ಷಣ ವ್ಯಾಲಿಡೇಟರ್ ನಿಲ್ಲಿಸುವ ಸ್ಕ್ರಿಪ್ಟ್ ಅರ್ಧ ಬರೆದಾಗಿದೆ. ಎಸ್‌ಎಸ್‌ಡಿಯಲ್ಲಿ ಜಾಗ ಸಾಲುತ್ತಿಲ್ಲ.