ವಾಪಸ್ ಬಾರದ ಗೇಜು

ನಾನು ಪೀಣ್ಯ ಎರಡನೇ ಹಂತದ ಒಂದು ಕ್ಯಾಲಿಬ್ರೇಷನ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಹದಿನೇಳು ವರ್ಷ ಆಯ್ತು. ಬಾಯ್ಲರ್‌ನ ಪ್ರೆಶರ್ ಗೇಜು, ಔಷಧಿ ಫ್ಯಾಕ್ಟರಿಯ ಥರ್ಮಾಮೀಟರು, ಕೋಲ್ಡ್ ಸ್ಟೋರೇಜಿನ ಸೆನ್ಸರು, ಎಲ್ಲವೂ ನಮ್ಮ ಬೆಂಚಿಗೆ ಬರುತ್ತವೆ. ನಮ್ಮ ಮಾಸ್ಟರ್ ಸಾಧನದ, ಅಂದರೆ ಸರಿಯಾಗಿದೆ ಅಂತ ಖಾತ್ರಿ ಇರುವ ಸಾಧನದ ಪಕ್ಕ ಇಟ್ಟು, ಎಷ್ಟು ತಪ್ಪು ತೋರಿಸುತ್ತಿದೆ ಅಂತ ಬರೆದು, ಸ್ಟಿಕರ್ ಅಂಟಿಸಿ ಕಳಿಸುತ್ತೇವೆ. ಸ್ಟಿಕರ್ ಮೇಲೆ ಎರಡು ತಾರೀಕು ಇರುತ್ತವೆ. ಒಂದು ಇವತ್ತಿನದು. ಇನ್ನೊಂದು, ಮತ್ತೆ ಯಾವಾಗ ತರಬೇಕು ಅನ್ನೋದು.

ಆ ಎರಡನೇ ತಾರೀಕೇ ನಮ್ಮ ಕೆಲಸದ ಜೀವ. ಯಾವ ಸಾಧನವೂ ಕೊಂಡ ದಿನ ಇದ್ದ ಹಾಗೆ ಉಳಿಯುವುದಿಲ್ಲ. ಗೇಜಿನ ಒಳಗಿನ ಟ್ಯೂಬು ದಣಿಯುತ್ತದೆ. ಸೆನ್ಸರು ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಇದಕ್ಕೆ ಡ್ರಿಫ್ಟ್ ಅಂತೀವಿ. ನೋಡಿದರೆ ಗೊತ್ತಾಗಲ್ಲ. ಬೆಂಚಿಗೆ ತಂದರೆ ಮಾತ್ರ ಗೊತ್ತಾಗೋದು.

ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದಲ್ಲ, ಒಂದು ವರ್ಷ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ರೋಬೋಟ್ ನೋಡಬೇಕಿತ್ತು. ಜನಜಂಗುಳಿಯಲ್ಲಿ ದಾರಿ ತಪ್ಪಿ ವಾತಾವರಣ, ಸಮುದ್ರ ವಿಜ್ಞಾನದವರ ಕಟ್ಟಡಕ್ಕೆ ಬಂದುಬಿಟ್ಟೆವು. ಅಲ್ಲೊಬ್ಬ ಹುಡುಗ ಆರ್ಗೋ ಫ್ಲೋಟ್ ಅನ್ನೋದರ ಚಿತ್ರ ಹಾಕಿಕೊಂಡು ನಿಂತಿದ್ದ. ಗ್ಯಾಸ್ ಸಿಲಿಂಡರನ್ನು ಸಣ್ಣ ಮಾಡಿ ಉದ್ದಕ್ಕೆ ಎಳೆದ ಹಾಗೆ ಒಂದು ಕೊಳವೆ. ತಲೆಯ ಮೇಲೆ ಆಂಟೆನಾ. ಇದನ್ನು ಹಡಗಿನಿಂದ ಸಮುದ್ರಕ್ಕೆ ಇಳಿಸಿ ಬಿಟ್ಟುಬಿಡುತ್ತಾರೆ. ಅದು 1000 ಮೀಟರ್ ಆಳಕ್ಕೆ ಇಳಿದು, ನೀರು ಎಳೆದ ಕಡೆ ತೇಲಿಕೊಂಡು ಹೋಗುತ್ತದೆ. ಸುಮಾರು ಒಂಬತ್ತು ದಿನ ಹಾಗೇ. ಆಮೇಲೆ 2000 ಮೀಟರ್‌ಗೆ ಇಳಿದು, ಅಲ್ಲಿಂದ ಮೇಲೆ ಬರುತ್ತಾ ದಾರಿಯುದ್ದಕ್ಕೂ ನೀರಿನ ಬಿಸಿ, ಉಪ್ಪು, ಒತ್ತಡ ಅಳೆಯುತ್ತದೆ. ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತದೆ. ಹತ್ತು ದಿನಕ್ಕೊಂದು ಸುತ್ತು. ಬ್ಯಾಟರಿ ಇರುವವರೆಗೆ, ಅಂದರೆ ನಾಲ್ಕೈದು ವರ್ಷ. ಪ್ರಪಂಚದ ಸಮುದ್ರಗಳಲ್ಲಿ ಈಗ ಇಂಥವು ಸುಮಾರು 4000 ಇವೆ.

ಮುಂದಕ್ಕೆ ತಳ್ಳುವ ಮೋಟಾರು, ರೆಕ್ಕೆ ಏನೂ ಇಲ್ಲ. ಒಳಗಿರುವ ಎಣ್ಣೆಯನ್ನು ಹೊರಗಿನ ಒಂದು ರಬ್ಬರ್ ಚೀಲಕ್ಕೆ ಪಂಪ್ ಮಾಡುತ್ತದೆ, ಅಷ್ಟೇ. ತೂಕ ಅದೇ, ಗಾತ್ರ ಸ್ವಲ್ಪ ಜಾಸ್ತಿ. ಆದ್ದರಿಂದ ಮೇಲೇಳುತ್ತದೆ. ಎಣ್ಣೆ ಒಳಗೆ ಎಳೆದುಕೊಂಡರೆ ಮುಳುಗುತ್ತದೆ. 2000 ಮೀಟರ್ ಅಂದರೆ ಸುಮಾರು 200 ಕೆಜಿ ಒತ್ತಡ, ಒಂದೊಂದು ಚದರ ಸೆಂಟಿಮೀಟರ್ ಮೇಲೆ. ನಮ್ಮ ಲ್ಯಾಬ್‌ನಲ್ಲಿ ಆ ರೇಂಜಿನ ಗೇಜು ಬಂದರೆ ತೂಕದ ಬಿಲ್ಲೆಗಳಿಂದ ಒತ್ತಡ ಹುಟ್ಟಿಸುವ ಡೆಡ್ ವೇಟ್ ಟೆಸ್ಟರ್ ಮೇಲೆ ಬಿಲ್ಲೆ ಏರಿಸುವಾಗ ಕೈ ಹುಷಾರಾಗುತ್ತದೆ. ಅಷ್ಟು ಒತ್ತಡದ ಎದುರು, ಕತ್ತಲಲ್ಲಿ ಒಂಟಿಯಾಗಿ ಎಣ್ಣೆ ಹೊರದಬ್ಬುವ ಆ ಸಣ್ಣ ಪಂಪನ್ನು ನೆನೆಸಿಕೊಂಡು ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು.

ಆಮೇಲೆ ನನ್ನ ಕೆಲಸದ ಪ್ರಶ್ನೆ ಕೇಳಿದೆ. “ಇದನ್ನ ಎಷ್ಟು ದಿನಕ್ಕೊಮ್ಮೆ ವಾಪಸ್ ತಂದು ಕ್ಯಾಲಿಬ್ರೇಟ್ ಮಾಡ್ತೀರಪ್ಪಾ?”

“ತರಲ್ಲ ಮೇಡಂ. ಹೆಚ್ಚುಕಡಿಮೆ ಯಾವುದೂ ವಾಪಸ್ ಬರಲ್ಲ.”

ನನಗೆ ಒಪ್ಪಿಕೊಳ್ಳೋಕೆ ಆಗಲಿಲ್ಲ. ಅವನು ಹೇಳಿದ ನಿಖರತೆ ಬೇರೆ ಕೇಳಿ. ಬಿಸಿ 0.002 ಡಿಗ್ರಿ. ಆಳ ಎರಡೂವರೆ ಮೀಟರ್ ಒಳಗೆ, ಅದೂ 2000 ಮೀಟರ್‌ನಲ್ಲಿ. ಬೆಂಚಿಗೇ ಬಾರದ ಸಾಧನದ ಮಾತನ್ನು ನಂಬೋದು ಹೇಗೆ?

ಮನೆಗೆ ಬಂದು ಒಂದು ತಿಂಗಳು ರಾತ್ರಿ ಹೊತ್ತು ಕೂತು ಓದಿದೆ. ಉತ್ತರ ಸಿಕ್ಕಿತು.

ಒತ್ತಡದ್ದು ಸುಲಭ. ಫ್ಲೋಟು ಹತ್ತು ದಿನಕ್ಕೊಮ್ಮೆ ನೀರಿನ ಮೇಲೆ ಬರುತ್ತದಲ್ಲ, ಅಲ್ಲಿ ನೀರಿನ ಒತ್ತಡ ಸೊನ್ನೆ ಇರಬೇಕು. ಸೊನ್ನೆ ಬಿಟ್ಟು ಬೇರೇನಾದರೂ ತೋರಿಸಿದರೆ ಅಷ್ಟು ಜಾರಿದೆ ಅಂತ ಅರ್ಥ. ಅದನ್ನು ಲೆಕ್ಕದಲ್ಲಿ ಕಳೆಯುತ್ತಾರೆ. ನಾವೂ ಬೆಂಚಿನ ಮೇಲೆ ಮೊದಲು ನೋಡೋದು ಸೊನ್ನೆಯನ್ನೇ.

ಉಪ್ಪಿನದು ಕಷ್ಟ. ನೀರಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಉಪ್ಪನ್ನು ಲೆಕ್ಕ ಹಾಕುತ್ತಾರೆ. ಆ ಸೆನ್ಸರಿಗೆ ಪಾಚಿ ಕಟ್ಟಿದರೆ, ಒಳಗೇನಾದರೂ ಸವೆದರೆ, ಲೆಕ್ಕ ತಪ್ಪುತ್ತದೆ. ಆಗ ಮಾಡೋದೇನು ಅಂದರೆ, ತುಂಬ ಆಳದ ನೀರನ್ನು ನೋಡುತ್ತಾರೆ. ಮೇಲಿನ ನೀರು ಮಳೆಗೆ, ಬಿಸಿಲಿಗೆ ದಿನಾ ಬದಲಾಗುತ್ತದೆ. ಆಳದ್ದು ಬಹಳ ನಿಧಾನ. ಅಲ್ಲಿನ ಉಪ್ಪು ಎಷ್ಟಿರುತ್ತದೆ ಅಂತ ಹಡಗಿನವರು ಹಿಂದೆಲ್ಲ ಅಳೆದು ಇಟ್ಟ ಲೆಕ್ಕ ಇದೆ. ಅಕ್ಕಪಕ್ಕದ ಫ್ಲೋಟುಗಳ ಲೆಕ್ಕವೂ ಇದೆ. ಅದರ ಪಕ್ಕ ಇದನ್ನಿಟ್ಟು ನೋಡುತ್ತಾರೆ. ಅಂದರೆ ಅಲ್ಲಿ ಆಳದ ನೀರೇ ಮಾಸ್ಟರ್. ಸಾಧನ ಬೆಂಚಿಗೆ ಬರಲ್ಲ, ಬೆಂಚೇ ಸಮುದ್ರದ ಒಳಗಿದೆ. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಂಪ್ಯೂಟರ್ ಮಾಡುವ ಪರೀಕ್ಷೆ ಒಂದೇ ದಿನದೊಳಗೆ ಮುಗಿದು, ಲೆಕ್ಕ ಎಲ್ಲರ ಕೈಗೂ ಸಿಗುತ್ತದೆ. ಯಾರೂ ದುಡ್ಡು ಕೊಡಬೇಕಿಲ್ಲ. ಆದರೆ ಸುಮಾರು ಒಂದು ವರ್ಷ ಆದಮೇಲೆ ಗೊತ್ತಿರುವವರು ಕೂತು ಇನ್ನೊಮ್ಮೆ ಒಂದೊಂದೇ ನೋಡುತ್ತಾರೆ. ನಮ್ಮ ದೇಶದ ಫ್ಲೋಟುಗಳಿಗೆ ಈ ಕೆಲಸ ಹೈದರಾಬಾದಿನ ಇನ್‌ಕಾಯ್ಸ್ ಅನ್ನೋ ಸಾಗರ ಮಾಹಿತಿ ಸಂಸ್ಥೆಯಲ್ಲಿ ನಡೆಯುತ್ತದೆ. ಮೊದಲು ಬಂದ ಅಂಕಿಯನ್ನು ಅಳಿಸುವುದಿಲ್ಲ. ಅದರ ಪಕ್ಕ ತಿದ್ದಿದ್ದು, ಅದರ ಪಕ್ಕ ಎಷ್ಟು ತಪ್ಪಿರಬಹುದು ಅನ್ನೋದು. ನಮ್ಮ ಸರ್ಟಿಫಿಕೇಟಿನ ಹಾಗೇ ಮೂರು ಕಾಲಂ.

ಇಲ್ಲಿ ನನ್ನದೇ ಒಂದು ವಿಷಯ ಹೇಳಬೇಕು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಸಲ ನಮ್ಮ ಮಾಸ್ಟರ್ ಥರ್ಮಾಮೀಟರೇ ಜಾರಿತ್ತು. 0.3 ಡಿಗ್ರಿ. ಯಾವತ್ತಿಂದ ಅಂತ ಯಾರಿಗೂ ಗೊತ್ತಿಲ್ಲ. ಹನ್ನೊಂದು ತಿಂಗಳ ಸರ್ಟಿಫಿಕೇಟುಗಳನ್ನು ಮತ್ತೆ ತೆಗೆದು ನೋಡಬೇಕಾಯಿತು. ಲಸಿಕೆ ಇಡುವ ಫ್ರಿಜ್ಜಿನ ಥರ್ಮಾಮೀಟರೂ ಅದರಲ್ಲಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ “ನಮ್ಮ ಕಡೆಯಿಂದ ತಪ್ಪಾಗಿದೆ ಸಾರ್, ವಾಪಸ್ ಕಳಿಸಿ” ಅಂತ ಹೇಳಿದ್ದು ನಾನು. ಮೊದಲ ಫೋನಿಗೆ ಗಂಟಲು ಒಣಗಿತ್ತು.

ಆರ್ಗೋದಲ್ಲೂ ಹೀಗೇ ಆಗಿದೆ. 2006ರಲ್ಲಿ ನಾಸಾದ ಜಾಶ್ ವಿಲಿಸ್ ಮತ್ತು ಜೊತೆಗಾರರು, 2003ರಿಂದ 2005ರ ನಡುವೆ ಸಮುದ್ರ ತಣ್ಣಗಾಗಿದೆ ಅಂತ ಬರೆದರು. ದೊಡ್ಡ ಸುದ್ದಿ. ಆದರೆ ಬೇರೆ ಲೆಕ್ಕಗಳ ಜೊತೆ ಅದು ಹೊಂದಲಿಲ್ಲ. ಹುಡುಕುತ್ತಾ ಹೋದಾಗ ಒಂದು ತಂಡದ ಫ್ಲೋಟುಗಳು ಬಿಸಿಯನ್ನು ತಪ್ಪು ಒತ್ತಡಕ್ಕೆ, ಅಂದರೆ ತಪ್ಪು ಆಳಕ್ಕೆ ಜೋಡಿಸುತ್ತಿದ್ದದ್ದು ಸಿಕ್ಕಿತು. ಆಳದ ತಣ್ಣನೆ ನೀರನ್ನು ಮೇಲಿನದು ಅಂತ ಬರೆದುಕೊಂಡರೆ ಸಮುದ್ರ ತಣ್ಣಗಾದ ಹಾಗೇ ಕಾಣುತ್ತದೆ, ಅಲ್ವಾ. ಜೊತೆಗೆ ಹಡಗಿನಿಂದ ಬಿಡುವ ಇನ್ನೊಂದು ಬಗೆಯ ಹಳೇ ಸಾಧನ ಬಿಸಿಯನ್ನು ಸ್ವಲ್ಪ ಜಾಸ್ತಿ ತೋರಿಸುತ್ತಿತ್ತು, ಅದರ ಪಕ್ಕ ಫ್ಲೋಟಿನ ಲೆಕ್ಕ ಇನ್ನೂ ತಣ್ಣಗೆ ಕಂಡಿತು. 2007ರಲ್ಲಿ ಅದೇ ಜನ, ತಣ್ಣಗಾಗಿದ್ದು ನಿಜವಲ್ಲ ಅಂತ ತಾವೇ ಪ್ರಕಟಿಸಿದರು. ಆ ತಿದ್ದುಪಡಿ ಬರೆಯುವಾಗ ಅವರಿಗೆ ಹೇಗಾಗಿರಬಹುದು ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಆ ಲೆಕ್ಕದ ಮೇಲೆ ನನಗೆ ನಂಬಿಕೆ.

ಇಷ್ಟು ಸಣ್ಣ ತಪ್ಪಿಗೆ ಇಷ್ಟೊಂದು ಯಾಕೆ ಅಂತ ನಮ್ಮ ಲ್ಯಾಬ್‌ಗೆ ಹೊಸದಾಗಿ ಬಂದ ಹುಡುಗ ಕೇಳಿದ. ಅವನಿಗೆ ಎರಡು ಅಂಕಿ ಬರೆದು ತೋರಿಸಿದೆ. 1955ರಿಂದ 2010ರವರೆಗೆ ಸಮುದ್ರದ ಮೇಲಿನ 2000 ಮೀಟರ್ ನೀರು ಸರಾಸರಿ ಬಿಸಿಯಾಗಿದ್ದು ಸುಮಾರು 0.09 ಡಿಗ್ರಿ ಮಾತ್ರ. ನಮ್ಮ ಗಿರಾಕಿಗಳು ಇದನ್ನು ತಪ್ಪು ಅಂತಲೂ ಲೆಕ್ಕಕ್ಕೆ ಇಡಲ್ಲ. ಆದರೆ ಅಷ್ಟೇ ಶಾಖವನ್ನು ನಮ್ಮ ತಲೆ ಮೇಲಿನ ಹತ್ತು ಕಿಲೋಮೀಟರ್ ಗಾಳಿಗೆ ಒಮ್ಮೆಲೇ ಕೊಟ್ಟರೆ, ಗಾಳಿ ಸುಮಾರು 36 ಡಿಗ್ರಿ ಏರುತ್ತಿತ್ತು. ಭೂಮಿಯಲ್ಲಿ ಹೆಚ್ಚಾದ ಶಾಖದ ನೂರರಲ್ಲಿ ತೊಂಬತ್ತು ಪಾಲನ್ನು ಸಮುದ್ರವೇ ನುಂಗಿಕೊಂಡಿದೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬೆಂಗಳೂರಿಗೆ ಸಮುದ್ರ ಇಲ್ಲ. ಆದರೂ 2024ರ ಬೇಸಿಗೆಯಲ್ಲಿ ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕೂತಾಗ ನೆನಪಾಗಿದ್ದು ಸಮುದ್ರವೇ. ಹಿಂದಿನ ವರ್ಷ ಪೆಸಿಫಿಕ್ ಸಾಗರ ಬಿಸಿಯಾಗಿ ಎಲ್ ನಿನೋ ಆಗಿತ್ತು, ನಮ್ಮಲ್ಲಿ ಮಳೆ ಕೈಕೊಟ್ಟಿತ್ತು. ಕಾವೇರಿ ನೀರೂ ಮೊದಲು ಮೋಡವಾಗಿ ಸಮುದ್ರದಿಂದಲೇ ಬರಬೇಕಲ್ಲ.

ಮಗಳೀಗ ಮಂಗಳೂರಿನ ಆಚೆ ಅರಬ್ಬಿ ಸಮುದ್ರದಲ್ಲಿರುವ ಒಂದು ಫ್ಲೋಟನ್ನು ನಮ್ಮದು ಅಂತ ಆರಿಸಿಕೊಂಡಿದ್ದಾಳೆ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹತ್ತು ದಿನಕ್ಕೊಂದು ಸುತ್ತು ಹಾಕಿದ್ದಾಳೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಮೊನ್ನೆ ಊಟದ ಹೊತ್ತಿಗೆ ಮೆಸೇಜ್ ಬಂತು. “ಅಮ್ಮಾ, ಮೇಲೆ ಬಂದಿದೆ.” ಮೇಲ್ಮೈಯಲ್ಲಿ 29 ಡಿಗ್ರಿ ದಾಟಿತ್ತು. ತಳದಲ್ಲಿ, ಅಂದರೆ 2000 ಮೀಟರ್ ಆಳದಲ್ಲಿ, ಸುಮಾರು 3. ನಾನು ಕೈ ತೊಳೆದುಕೊಂಡು ಬಂದು ಮೊದಲು ಸೊನ್ನೆ ಎಷ್ಟಿದೆ ಅಂತ ನೋಡಿದೆ.